ಯಾವೂರು ಎಂದು ಕೇಳದ ಕೋಣೆ

ಕಳೆದ ಭಾನುವಾರ ಹೊಳಲ್ಕೆರೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹಸಿ ತೆಂಗಿನ ಸಿಪ್ಪೆಯ ವಾಸನೆ ಬಂತು. ಎಲ್ಲಿಂದ ಎಂದು ನೋಡುವ ಮೊದಲೇ ಕಾಲುಗಳು ಹಿಂದಕ್ಕೆ ಸರಿದಿದ್ದವು, ಬಲಗೈ ಎಡಭುಜದ ಮೂಳೆಯ ಮೇಲೆ ಹೋಗಿ ಕೂತಿತ್ತು. ಆಮೇಲೆ ತಿರುಗಿ ನೋಡಿದರೆ ಅಣ್ಣನ ಲಗೇಜ್ ಗಾಡಿ. ಹಿಂದೆ ಕಾಯಿ ಲೋಡು. ಮೇಲೆ ಬಿಗಿದ ಟಾರ್ಪಾಲು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅವನು ಕೂತಲ್ಲಿಂದಲೇ ಬಗ್ಗಿ ನನ್ನ ಕಡೆಯ ಬಾಗಿಲು ತಳ್ಳಿದ.

"ಹಿರಿಯೂರಿಗೇ ಹೋಗೋದು. ಹತ್ತು," ಅಂದ.

ಯಾವುದೋ ಪರೀಕ್ಷೆಯ ಮೇಲ್ವಿಚಾರಣೆಗೆಂದು ನನ್ನನ್ನು ಹೊಳಲ್ಕೆರೆಗೆ ಹಾಕಿದ್ದರು. ಅವನು ಯಾಕೆ ಬಂದಿದ್ದಾನೆ ಎಂದು ಕೇಳಬೇಕಿರಲಿಲ್ಲ. ಭಾನುವಾರ ಅವನು ಹೊಳಲ್ಕೆರೆಯಲ್ಲಿ ಇರುತ್ತಾನೆ. ಹಾಗೆ ಇರಲು ಶುರು ಮಾಡಿದ್ದು ಮೂರು ವರ್ಷದ ಹಿಂದಿನ ಆಷಾಢದಲ್ಲಿ. ಆ ಆಷಾಢ ನನ್ನ ಮೈಯಿಂದ ಇನ್ನೂ ಇಳಿದಿಲ್ಲ.

ನಮ್ಮ ಕಡೆ ಆಷಾಢವೆಂದರೆ ಮಳೆಯಲ್ಲ, ಗಾಳಿ. ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗುತ್ತವೆ. ಬಾಗಿಲು ತೆರೆದರೆ ಮನೆಯೊಳಗೆ ಮಣ್ಣು, ಮುಚ್ಚಿದರೆ ಬಾಗಿಲೇ ಕಿತ್ತು ಬರುವ ಹಾಗೆ ಬಡಿತ. ಆ ವರ್ಷ ಮೋಡಗಳು ಬಂದವು, ನಿಲ್ಲಲಿಲ್ಲ. ಎಲ್ಲರ ಮುಖದಲ್ಲೂ ಒಂದು ಸಿಡುಕಿತ್ತು. ನಮ್ಮ ಮನೆಯಲ್ಲಿ ಸಿಡುಕಿಗೆ ಬೇರೆ ಕಾರಣವಿತ್ತು.

ಅಣ್ಣನ ಹೆಸರು ತಿಪ್ಪೇಶ. ತೋಟಗಳಿಂದ ಹಿರಿಯೂರಿನ ಮಂಡಿಗೆ ಕಾಯಿ ಸಾಗಿಸುವುದು ಅವನ ಕೆಲಸ. ಗಾಡಿ ಅವನದೇ. ಸ್ಟೇರಿಂಗಿನ ಪಕ್ಕದ ಗೂಡಿನಲ್ಲಿ ದೇವರ ಪಟ, ಪಟದ ಹಿಂದೆ ಅಗ್ಗದ ಬ್ರಾಂದಿ ಪ್ಯಾಕೆಟ್ಟು. ಮೊದಲು ಲೋಡು ಇಳಿಸಿದ ಮೇಲೆ ಕುಡಿಯುತ್ತಿದ್ದ. ಆಮೇಲೆ ಲೋಡು ತುಂಬುವ ಮುಂಚೆ. ಕೊನೆಗೆ ಹಲ್ಲುಜ್ಜುವ ಮುಂಚೆ. ಆ ಬೇಸಿಗೆಯಲ್ಲಿ ಅತ್ತಿಗೆಯ ಕಾಟಕ್ಕೆ ಒಮ್ಮೆಗೇ ಬಿಟ್ಟ. ಬಿಟ್ಟ ಮರುದಿನವೇ ಅಂಗಳದಲ್ಲಿ ಕೈಕಾಲು ಸೆಟೆದು ಬಿದ್ದ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅವನನ್ನು ಮಂಚಕ್ಕೆ ಕಟ್ಟಿ ಮಲಗಿಸಿದ್ದರು.

ಮನೆಗೆ ಕಳಿಸುವಾಗ ಅಲ್ಲಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ನೀವು ಓದಿದವರು, ಅದಕ್ಕೇ ಹೇಳ್ತೀನಿ. ಮಾತ್ರೆ ಇವರ ಮೈಯಿಂದ ಕುಡಿತ ಇಳಿಸಿದೆ, ಅಷ್ಟೇ. ಕುಡಿತ ಬಿಟ್ಟವರ ಮೀಟಿಂಗ್ ನಡೆಯುತ್ತೆ, ವಾರ ವಾರ ಹೋಗಿ ಕೂರಲಿ. ಇವರೊಬ್ಬರೇ ಬಿಡ್ತೀನಿ ಅಂದ್ರೆ ಆಗೋದಿಲ್ಲ. ಮತ್ತೆ ಇದೇ ಸ್ಥಿತಿಯಲ್ಲಿ ಬಂದರೆ ನಾನು ಭರವಸೆ ಕೊಡಲ್ಲ."

ಅತ್ತಿಗೆ ಭಾಗ್ಯ ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ನೇರ ಹರಿಯಬ್ಬೆಗೆ, ತವರಿಗೆ ಹೋದಳು. ಅಲ್ಲಿ ಅವಳ ಅಪ್ಪನ ಕುರಿಹಟ್ಟಿ. ಅಲ್ಲಿಂದ ನನಗೆ ಫೋನು ಮಾಡಿದಳು. "ಸುಧಾ, ನಿಮ್ಮಣ್ಣನ ಆಣೆ ಭಾಷೆ ಎಲ್ಲಾ ನೋಡಿದೀನಿ. ನಾ ನಂಬಲ್ಲ. ಆ ಮೀಟಿಂಗಿಗೆ ಹೋಗ್ಲಿ. ಹೋಗಿದ್ದು ನೀನು ಕಣ್ಣಾರೆ ನೋಡಿ ಹೇಳು. ಅವಾಗ ಬರ್ತೀನಿ. ಇಲ್ಲಂದ್ರೆ ನಾನು ಕುರಿ ಕಾಯ್ಕಂಡು ಇಲ್ಲೇ ಇರ್ತೀನಿ, ಅವನ ಹೆಣ ನೋಡಾಕೆ ಕರೀಬ್ಯಾಡ್ರಿ."

ಹೀಗೆ ನಾನು ಕಾವಲುಗಾರ್ತಿಯಾದೆ. ಅಣ್ಣನಿಗೆ ನಾನು ಬೇಕಿರಲಿಲ್ಲ, ನನಗೂ ಅವನು ಬೇಕಿರಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಭಾನುವಾರ ಒಂದೇ ಬಿಡುವು. ಆ ಆಷಾಢದ ಭಾನುವಾರಗಳನ್ನೆಲ್ಲ ಅವನ ಜೊತೆ, ಬಾಯಿ ಬಿಗಿದುಕೊಂಡು ಕಳೆದೆ.

ಮೊದಲು ಚಿತ್ರದುರ್ಗ. ಒಂದು ಅಂಗಡಿಯ ಮೇಲಿನ ಹಾಲ್. ಗೋಡೆಗೆ ಇಂಗ್ಲಿಷಿನ ಚಾರ್ಟು, ಇಸ್ತ್ರಿ ಮಾಡಿದ ಅಂಗಿಗಳು. ಅಣ್ಣ ಒಳಗೆ ಹೋದವನು ಚಹಾ ಆರುವಷ್ಟರಲ್ಲಿ ಹೊರಗೆ ಬಂದ.

"ಎಲ್ಲಾ ಆಫೀಸರ್‌ಗಳು ಕಣೆ. ಕುಡಿಯೋದೂ ಇಂಗ್ಲಿಷಲ್ಲೇ ಕುಡಿದವ್ರೆ. ಡಿಪ್ರೆಶನ್ ಅಂತೆ, ಟೆನ್ಶನ್ ಅಂತೆ. ನಾನು ಪ್ಯಾಕೆಟ್ ಕುಡಿಯೋನು, ಅವರ ಮುಂದೆ ಏನು ಹೇಳ್ಲಿ?"

"ಪ್ಯಾಕೆಟ್ ಕುಡಿದೆ ಅಂತ ಹೇಳು."

"ನೀನೇ ಹೋಗಿ ಹೇಳು. ಓದಿದೋಳಲ್ವ."

ಮುಂದಿನ ಭಾನುವಾರ ಹಿರಿಯೂರಿನಲ್ಲೇ ಒಂದು ಮೀಟಿಂಗ್ ಇದೆಯೆಂದು ಗೊತ್ತಾಯಿತು. ಮನೆಯಿಂದ ನಡೆದು ಹೋಗುವಷ್ಟು ದೂರ. ಬಾಗಿಲ ತನಕ ಬಂದ ಅಣ್ಣ ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನು ನೋಡುತ್ತ ನಿಂತುಬಿಟ್ಟ. ಮಂಡಿಯಲ್ಲಿ ದಿನವಿಡೀ ನೆಲ ನೋಡಿಕೊಂಡು ಕಾಯಿ ಎಣಿಸುವವನಿಗೆ ಮುಖಕ್ಕಿಂತ ಮೊದಲು ಕಾಲು ಗುರುತು ಸಿಗುತ್ತದೆ.

"ಆ ಟೈರ್ ಚಪ್ಪಲಿ ತೂಕದ ಸಿದ್ದಪ್ಪಂದು. ಇದು ನಮ್ಮ ಮಂಡಿ ಸಾಹುಕಾರನ ಅಳಿಯಂದು. ಹೋಗಾಣ, ನಡಿ."

"ಅವರೂ ಅದಕ್ಕೇ ಬಂದವ್ರೆ ಅಲ್ವ?"

"ಅವರು ಬಂದ್ರೆ ಬರ್ಲಿ. ನಾನು ಬಂದಿದ್ದು ಅವರಿಗೆ ಯಾಕೆ ಗೊತ್ತಾಗ್ಬೇಕು?"

ಗೊತ್ತಾಗಿಯೇ ಹೋಯಿತು. ಬೀದಿಯ ತುದಿಯಲ್ಲಿ ಯಾರೋ ನೋಡಿದ್ದರು. ಮರುದಿನ ಮಂಡಿಯಲ್ಲಿ ಹಮಾಲರು, "ಏನಪ್ಪ ತಿಪ್ಪೇಶ, ದೀಕ್ಷೆ ತಗಂಡ್ಯಂತೆ? ತೀರ್ಥ ನಮಗೆ ಬಿಟ್ಬಿಡು" ಎಂದು ನಕ್ಕರಂತೆ. ಅವನು ಮನೆಗೆ ಬಂದು ಊಟದ ತಟ್ಟೆಯನ್ನು ಗೋಡೆಗೆ ಎಸೆದ. ಅನ್ನವನ್ನು ಬಳಿದು ತೆಗೆದವಳು ನಾನು. ಅವನನ್ನು ಆ ಗಳಿಗೆಯಲ್ಲಿ ನಾನು ದ್ವೇಷಿಸಿದ್ದು ಸುಳ್ಳಲ್ಲ.

ಆದರೂ ಅವನು ಕುಡಿದಿರಲಿಲ್ಲ. ಅದನ್ನು ಹೇಳಬೇಕು. ಕೈ ನಡುಗುತ್ತಿತ್ತು, ನಿದ್ದೆಯಿರಲಿಲ್ಲ, ಹಾದಿಯ ನಾಯಿಗೂ ಬೈಯುತ್ತಿದ್ದ, ಆದರೆ ಪಟದ ಹಿಂದೆ ಪ್ಯಾಕೆಟ್ ಇರಲಿಲ್ಲ. ನಾನು ದಿನಾ ನೋಡುತ್ತಿದ್ದೆ.

ಮೂರನೆಯದು ಹೊಸದುರ್ಗ. ಅದನ್ನು ಆರಿಸಿದವನು ಅವನೇ. ಅಲ್ಲಿ ಯಾರೂ ನಮ್ಮವರಿಲ್ಲ, ತೋಟದಿಂದ ಕಾಯಿ ತರುವ ನೆಪವೂ ಆಗುತ್ತದೆ ಎಂದ. ಬೆಳಿಗ್ಗೆಯೇ ಹೋಗಿ ಲೋಡು ತುಂಬಿಸಿ, ಗಾಡಿಯನ್ನು ಮರದ ಕೆಳಗೆ ನಿಲ್ಲಿಸಿದೆವು. ಮೀಟಿಂಗ್ ಒಂದು ಶಾಲೆಯ ಕೋಣೆಯಲ್ಲಿ. ಹೆಂಗಸರು ಹೊರಗೆ ಕೂರಬೇಕೆಂದರು. ನಾನು ಜಗಲಿಯಲ್ಲಿ, ಕಿಟಕಿಯ ಕೆಳಗೆ ಕೂತೆ. ಗಾಳಿಗೆ ಕಿಟಕಿಯ ಬಾಗಿಲು ಬಡಿಯುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೆ. ಒಳಗಿನದು ಕಾಣುತ್ತಿತ್ತು, ಕೇಳುತ್ತಿತ್ತು.

ಹೆಸರು ಹೇಳಿದರೆ ಸಾಕು, ಉಳಿದಿದ್ದು ಬೇಕಿಲ್ಲ ಎಂಬುದು ಅಲ್ಲಿಯ ನಿಯಮ. ಅಣ್ಣ ಎದ್ದು ನಿಂತು ಹೇಳಿದ. "ನನ್ನ ಹೆಸರು ತಿಪ್ಪೇಶ. ನಾನೊಬ್ಬ ಕುಡುಕ." ಅಷ್ಟೇ. ಧ್ವನಿ ಒಡೆದಿತ್ತು. ಆ ಮಾತನ್ನು ಅವನು ಅಮ್ಮನ ಮುಂದೆ, ಹೆಂಡತಿಯ ಮುಂದೆ, ಡಾಕ್ಟರರ ಮುಂದೆ ಯಾವತ್ತೂ ಹೇಳಿರಲಿಲ್ಲ. ಯಾರೋ ಬೆನ್ನು ತಟ್ಟಿದರು. ನನ್ನ ಕಣ್ಣು ತುಂಬಿತು ಎಂದು ಬರೆಯಬಹುದು. ತುಂಬಲಿಲ್ಲ. ಅಂತೂ ಬಾಯಿಬಿಟ್ಟನಲ್ಲ ಎನಿಸಿತು.

ಆಮೇಲೆ ಚಹಾ. ಚಹಾ ಬಂದ ಮೇಲೆ ನಮ್ಮ ಜನ ನಿಯಮ ಮರೆಯುತ್ತಾರೆ. ನಮ್ಮ ಕಡೆ ಇಬ್ಬರು ಎದುರು ಬದುರು ಕೂತರೆ ಮೊದಲು ಕೇಳುವುದು ಊರು, ಆಮೇಲೆ ಯಾರ ಮನೆ, ಆಮೇಲೆ ಯಾರಿಗೆ ಏನಾಗಬೇಕು. ಅದು ಕುತೂಹಲವಲ್ಲ, ಮರ್ಯಾದೆ. ಕೇಳದಿದ್ದರೆ ಕೇಳದವನು ಸೊಕ್ಕಿನವನು. ಹೇಳದಿದ್ದರೆ ಹೇಳದವನು ಏನನ್ನೋ ಮಾಡಿ ಓಡಿಬಂದವನು. ಲೋಟಗಳನ್ನು ಹಂಚುತ್ತಿದ್ದ ದಪ್ಪ ಮೀಸೆಯ ಹಿರಿಯರೊಬ್ಬರು ಅಣ್ಣನ ಪಕ್ಕದಲ್ಲೇ ಕೂತರು. ಒಳ್ಳೆಯ ಮುಖ. ಅವರು ಬೇಕೆಂದು ಮಾಡಿದ್ದಲ್ಲ ಎಂದು ಈಗಲೂ ನಂಬಿದ್ದೇನೆ.

"ಯಾವೂರಾತಪ್ಪ ನಿಮ್ದು?"

"ಹಿರಿಯೂರು."

"ಹಿರಿಯೂರಲ್ಲಿ ಯಾರ ಮನೆ?"

ಅಣ್ಣ ಸುಳ್ಳು ಹೇಳಬಹುದಿತ್ತು. ಆದರೆ ಹಿರಿಯರು ಕೇಳಿದಾಗ ಅಪ್ಪನ ಹೆಸರನ್ನು ಸುಳ್ಳು ಹೇಳುವುದು ಅವನಿಗೆ ಬರುವುದಿಲ್ಲ. ಹೇಳಿದ. ಮೀಸೆಯವರು ಲೋಟವನ್ನು ಬಾಯಿಯ ಹತ್ತಿರ ಹಿಡಿದು ಯೋಚಿಸಿದರು.

"ಹಂಗಾರೆ ಕಾಲೇಜಲ್ಲಿ ಪಾಠ ಹೇಳೋ ಹುಡುಗಿ ಒಂದೈತಲ್ಲ, ಸುಧಾ ಅಂತ..."

"ನನ್ನ ತಂಗಿ."

ಅವರು ಲೋಟವನ್ನು ನೆಲಕ್ಕೆ ಇಟ್ಟರು. ಕಿಟಕಿ ಹಿಡಿದಿದ್ದ ನನಗೂ ಆಗಲೇ ಹೊಳೆಯಿತು. ಶ್ರೀರಾಂಪುರದ ಹುಡುಗನೊಬ್ಬ ಬೇಸಿಗೆಯಲ್ಲಿ ನನ್ನನ್ನು ನೋಡಿ ಒಪ್ಪಿ ಹೋಗಿದ್ದ. ನನಗೂ ಒಪ್ಪಿಗೆಯಾಗಿತ್ತು. ಆಷಾಢ ಕಳೆದು ಶ್ರಾವಣದಲ್ಲಿ ವೀಳ್ಯ ಶಾಸ್ತ್ರವೆಂದು ಮಾತಾಗಿತ್ತು. ಹುಡುಗನ ಸೋದರಮಾವ ಹೊಸದುರ್ಗದಲ್ಲಿದ್ದಾರೆ, ಎಲ್ಲಕ್ಕೂ ಅವರ ಮಾತೇ ಕೊನೆ ಎಂದು ಅಂದು ಹೇಳಿದ್ದರು. ಹೆಣ್ಣು ನೋಡಲು ಬಂದಾಗ ಆ ಮಾವನಿಗೆ ಹುಷಾರಿರಲಿಲ್ಲ. ಯಾವ ಹುಷಾರು ಎಂಬುದು ಈಗ ಗೊತ್ತಾಯಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮಾವ ಎದ್ದು ಇನ್ನೊಂದು ಮೂಲೆಗೆ ಹೋದರು. ಅಣ್ಣ ಹೊರಗೆ ಬಂದು, ಚಪ್ಪಲಿ ಮೆಟ್ಟಿ, ನನ್ನ ಕಡೆ ನೋಡದೆ ಗಾಡಿಯ ಹತ್ತಿರ ನಡೆದ.

ಊರು ದಾಟಿದ ಮೇಲೆ ಒಂದು ವೈನ್ ಶಾಪಿನ ಮುಂದೆ ನಿಲ್ಲಿಸಿದ. ನಾನು ಕೀ ಕಿತ್ತುಕೊಳ್ಳಲು ಕೈ ಹಾಕಿದೆ. ಮಣಿಕಟ್ಟನ್ನು ತಿರುಚಿ ನನ್ನ ಕೈ ತೆಗೆಸಿದ. ನಡುಮಧ್ಯಾಹ್ನ, ಬಿಸಿಲಿತ್ತು, ಜನವಿದ್ದರು. ಒಬ್ಬರೂ ಏನೂ ಅನ್ನಲಿಲ್ಲ. ಅವನು ಅಲ್ಲೇ ನಿಂತು ಕುಡಿದ, ಜೇಬಿಗೂ ತುಂಬಿಕೊಂಡ. ಇಳಿದು ಬಸ್ಸಿಗೆ ಹೋಗಬಹುದಿತ್ತಲ್ಲ ಎಂದು ಆಮೇಲೆ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಕೇಳುವುದು ಸುಲಭ. ನಾನು ಇಳಿದರೆ ಅವನು ಒಬ್ಬನೇ ಹೋಗುತ್ತಾನೆ, ಹೋದವನು ಬರುವುದಿಲ್ಲ ಎನಿಸಿತ್ತು.

ಮತ್ತೆ ಹೊರಟೆವು. ಕ್ಯಾಬಿನ್ನಿನಲ್ಲಿ ಹಸಿ ಸಿಪ್ಪೆಯ ವಾಸನೆ, ಅದರ ಮೇಲೆ ಬ್ರಾಂದಿಯ ವಾಸನೆ. ಗಾಳಿ ಅಡ್ಡಡ್ಡ ಹೊಡೆದು ಗಾಡಿ ಓಲಾಡುತ್ತಿತ್ತು, ಹಿಂದೆ ಕಾಯಿಗಳು ಒಂದಕ್ಕೊಂದು ತಾಕಿ ಸದ್ದು ಮಾಡುತ್ತಿದ್ದವು. ಹಿರಿಯೂರು ಹತ್ತಿರ ಬಂದು ಹೈವೇ ಸಿಕ್ಕಿತು. ಒಮ್ಮುಖ ರಸ್ತೆ, ಅಲ್ಲಿ ಎಡಕ್ಕೇ ತಿರುಗಬೇಕು. ಅವನು ಬಲಕ್ಕೆ ಎಳೆದ.

ಎದುರು ಬರುವ ಲಾರಿಗಳ ಮುಖಕ್ಕೆ.

"ಅಣ್ಣ," ಅಂದೆ.

"ಹೇಳು," ಅಂದ. "ಅವರು ಹೇಳ್ಸಿದಂಗೆ ಹೇಳು. ನನ್ನ ಹೆಸರು ಸುಧಾ, ನಾನು ಕುಡುಕನ ತಂಗಿ ಅನ್ನು."

ಲಾರಿಯೊಂದು ದೀಪ ಮಿನುಗಿಸಿ, ಹಾರನ್ ಹೊಡೆಯುತ್ತ ಬದಿಗೆ ಸರಿದು ಹೋಯಿತು. ಅದರ ಗಾಳಿಗೆ ಗಾಡಿ ನಡುಗಿತು.

"ಅನ್ನು."

ಅಂದೆ.

"ಕೇಳಿಸ್ಲಿಲ್ಲ. ಅಲ್ಲಿ ಕಿಟಕಿ ಹಿಡ್ಕಂಡು ಚೆನ್ನಾಗಿ ಕೇಳಿಸ್ಕಂತಿದ್ದಲ್ಲ. ಜೋರಾಗಿ ಅನ್ನು."

ಜೋರಾಗಿ ಅಂದೆ. ಇನ್ನೊಂದು ಕಾರು. ಇನ್ನೊಂದು ಬಸ್ಸು. ಪ್ರತಿ ಸಲವೂ ಕೇಳಿಸಲಿಲ್ಲ ಎಂದ. ನಾನು ಕಿರುಚುತ್ತಿದ್ದೆ. ನನ್ನ ಹೆಸರು ಸುಧಾ, ನಾನು ಕುಡುಕನ ತಂಗಿ. ಈಗಲೂ ತರಗತಿಯಲ್ಲಿ ಹೊಸ ಮಕ್ಕಳಿಗೆ ನನ್ನ ಹೆಸರು ಹೇಳುವಾಗ, ಹೆಸರಿನ ನಂತರ ನಾಲಿಗೆ ಒಂದು ಗಳಿಗೆ ನಿಲ್ಲುತ್ತದೆ. ಅವನ ಮುಖವನ್ನು ನಾನು ನೋಡಿದೆ. ಅಳುತ್ತಿದ್ದ. ಅದರಿಂದ ನನ್ನ ಹೆದರಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅಳುತ್ತಿರುವವನ ಕೈಯಲ್ಲಿ ಸ್ಟೇರಿಂಗ್ ಇತ್ತು.

ಆಮೇಲೆ ಟ್ಯಾಂಕರ್. ಅದು ಸರಿಯಲಿಲ್ಲ, ಸರಿಯಲು ಅದಕ್ಕೆ ಜಾಗವಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಅವನು ಎಡಕ್ಕೆ ಎಳೆದ. ಗಾಡಿ ಡಾಂಬರು ಬಿಟ್ಟು, ಕಲ್ಲಿನ ಮೇಲೆ ಹತ್ತಿ, ನನ್ನ ಕಡೆಗೆ ಮಗುಚಿತು. ಸದ್ದಿಗಿಂತ ಮೊದಲು ಮೂಳೆ ಮುರಿದಿದ್ದು ತಿಳಿಯಿತು. ಕಾಯಿಗಳು ಹೈವೇ ತುಂಬಾ ಉರುಳಿಕೊಂಡು ಹೋದವು.

ಜನ ಓಡಿ ಬಂದರು. ಅರ್ಧ ಜನ ಕಾಯಿ ಆರಿಸಿಕೊಂಡರು. ಉಳಿದವರು ನನ್ನನ್ನು ಎಳೆದು ತೆಗೆದು ಚರಂಡಿಯ ಪಕ್ಕ ಮಲಗಿಸಿದರು. ಒಬ್ಬ ಮುದುಕ ಬಗ್ಗಿ ಕೇಳಿದ, "ಯಾವೂರಾತಮ್ಮ? ಯಾರ ಮನೆ ಹುಡುಗಿ?"

ಅಣ್ಣನಿಗೆ ಒಂದು ಗೀರೂ ಆಗಿರಲಿಲ್ಲ. "ಗಾಳಿ ಎಳಕಂಡೋತು," ಎಂದ ಎಲ್ಲರಿಗೂ. ಪೊಲೀಸರಿಗೂ ಅದನ್ನೇ ಹೇಳಿದ. ಆ ತಿಂಗಳು ಗಾಳಿಗೆ ಶೆಡ್ಡಿನ ತಗಡುಗಳು ಹಾರಿದ್ದವು, ಕಂಬಗಳು ಬಿದ್ದಿದ್ದವು. ಆಗ ಎಲ್ಲರೂ ನಂಬಿದರು, ಅವನ ಬಾಯಿಯ ವಾಸನೆ ಹಿಡಿದವರೂ.

ಶ್ರಾವಣ ಬರುವ ಮುಂಚೆಯೇ ಶ್ರೀರಾಂಪುರದಿಂದ ಸುದ್ದಿ ಬಂತು. ಹುಡುಗಿಯ ಅಣ್ಣ ಕುಡುಕನಂತೆ, ಹುಡುಗನ ಮಾವ ಸ್ವತಃ ವೈನ್ ಶಾಪಿನಲ್ಲಿ ನೋಡಿದರಂತೆ, ಸಂಬಂಧ ಬೇಡವಂತೆ. ವೈನ್ ಶಾಪಿನಲ್ಲಿ! ನಿಜವಾಗಿ ಎಲ್ಲಿ ನೋಡಿದೆನೆಂದು ಹೇಳಲು ಆ ಮನುಷ್ಯನಿಗೂ ಆಗುವುದಿಲ್ಲವಲ್ಲ. ನಾನು ಬಾಯಿ ತೆರೆದಿದ್ದರೆ ಅವರ ಮೀಸೆ ಮಣ್ಣಾಗುತ್ತಿತ್ತು. ತೆರೆಯಲಿಲ್ಲ. ಒಳ್ಳೆಯತನದಿಂದಲ್ಲ. ಆ ಕೋಣೆಯಲ್ಲಿ ಕೂತವರ ಹೆಸರು ಹೊರಗೆ ಬಂದರೆ ಮುಂದೆ ಯಾವ ಕೋಣೆಗೂ ಅಣ್ಣ ಕಾಲಿಡುವುದಿಲ್ಲ ಎಂದು ಗೊತ್ತಿತ್ತು. ಅವನು ಕಾಲಿಡದಿದ್ದರೆ ಸಾಯುತ್ತಾನೆ ಎಂಬುದೂ ಗೊತ್ತಿತ್ತು.

ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಒಂದು ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು, ಗೋಡೆಗೆ ಹೇಳುವ ಹಾಗೆ ಹೇಳಿದ. "ಹೊಳಲ್ಕೆರೆಯಲ್ಲಿ ಒಂದೈತಂತೆ. ಭಾಗ್ಯ ನಿನ್ನ ಮಾತೇ ನಂಬೋದು. ಬರ್ತಿಯೇನು?"

"ನಿನ್ನ ಗಾಡೀಲಿ ಬರಲ್ಲ."

"ಗಾಡಿ ಗ್ಯಾರೇಜಲ್ಲೈತೆ. ಬಸ್ಸಲ್ಲಿ ಹೋಗಾಣ."

ಬಸ್ಸಿನಲ್ಲಿ ಅವನು ಮುಂದೆ ಕೂತ, ನಾನು ಹಿಂದೆ. ಕೋಣೆ ಒಂದು ಮುಚ್ಚಿದ ಅಕ್ಕಿ ಮಿಲ್ಲಿನ ಒಳಗಿತ್ತು. ಬೆಂಚಿಲ್ಲ, ಚಾಪೆ. ಒಳಗಿದ್ದವರು ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದರು. ಬರ್ರಿ ಅನ್ನಲಿಲ್ಲ, ಕುಂತ್ಕಳ್ರಿ ಅನ್ನಲಿಲ್ಲ. ಅದನ್ನು ನಡೆಸುವವನು ನಿವೃತ್ತ ಬಸ್ ಕಂಡಕ್ಟರ್. ಒಣಗಿದ ಮುಖದ, ಗಂಟಲಲ್ಲಿ ಜಗಳವನ್ನೇ ಇಟ್ಟುಕೊಂಡ ಮನುಷ್ಯ. ಅಣ್ಣ ಗೋಡೆಯ ಪಕ್ಕ ಕೂತ. ಬಳಿಯಿದ್ದವನು ಅಭ್ಯಾಸದಂತೆ ತಿರುಗಿದ.

"ಯಾವೂರಾತಣ್ಣ?"

"ಲೇ, ಮುಚ್ಚು ಬಾಯಿ," ಅಂದ ಕಂಡಕ್ಟರ್. "ಸರ್ವಿಸ್ ಪೂರ್ತಿ ಯಾವೂರು, ಯಾವೂರು ಅಂತ ಕೇಳಿ ಕೇಳಿ ನನ್ನ ಗಂಟಲು ಹೋಗೈತೆ. ಇಲ್ಲಿ ಇನ್ನೊಂದ್ಸಲ ಯಾರಾದ್ರೂ ಊರು ಕೇಳಿದ್ರೆ ಅವನನ್ನ ನಡುದಾರೀಲಿ ಇಳಿಸ್ತೀನಿ. ಕುಡ್ದಿದ್ದು ಹೇಳು, ಮುಚ್ಕಂಡು ಕುಂತ್ಕ. ಚಾ ಇಲ್ಲ. ಚಾ ಕೊಟ್ರೆ ನೀವು ನೆಂಟಸ್ತನ ಶುರು ಮಾಡ್ತೀರಿ."

ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದ. "ನೀನ್ಯಾರಮ್ಮ, ಕಾವಲಾ?"

"ನಾನು ಅವನ..."

"ಯಾರಾದ್ರೂ ಆಗ್ಲಿ. ಬಸ್‌ಸ್ಟ್ಯಾಂಡಲ್ಲಿ ಹೋಗಿ ಕುಂತ್ಕ. ಇಲ್ಲಿ ಕದ ಹಾಕ್ತೀವಿ."

ಮುರಿದ ಭುಜ ಹೊತ್ತುಕೊಂಡು ಬಂದವಳ ಮುಖದ ಮೇಲೆ ಕದ ಹಾಕಿದ. ಆ ಮನುಷ್ಯನನ್ನು ನಾನು ಇವತ್ತಿಗೂ ಸಹಿಸಲಾರೆ. ಕದ ಮುಚ್ಚುವ ಮುಂಚೆ ಅಣ್ಣನ ಮುಖ ಕಂಡಿತು. ಯಾರೂ ಮಾತಾಡಿಸದ, ಯಾರೂ ನೋಡದ ಆ ಗೋಡೆಗೆ ಒರಗಿ, ಕಾಲು ನೀಡಿ ಕೂತಿದ್ದ. ಎಷ್ಟೋ ತಿಂಗಳ ಮೇಲೆ ಅವನ ಹೆಗಲು ಕೆಳಗಿಳಿದದ್ದನ್ನು ನೋಡಿದೆ.

ಹೊರಗೆ ಬಂದವನು, "ಮುಂದಿನ ವಾರ ನೀನು ಬರಬ್ಯಾಡ," ಎಂದ.

ಅತ್ತಿಗೆಗೆ ಫೋನಿನಲ್ಲಿ ಹೇಳಿದೆ. "ಒಳಗೆ ಹೋಗಿದ್ದು ನೋಡಿದೆ, ಹೊರಗೆ ಬಂದಿದ್ದು ನೋಡಿದೆ. ನಡುವಿಂದು ಗೊತ್ತಿಲ್ಲ."

"ವಾಸನೆ?"

"ಇಲ್ಲ."

ಅವಳು ದೀಪಾವಳಿಗೆ ಬಂದಳು. ಇದ್ದಾಳೆ. ಅವನು ವಾರ ವಾರ ಹೊಳಲ್ಕೆರೆಗೆ ಹೋಗುತ್ತಾನೆ. ನಡುವೆ ಒಂದು ಸಲ ಜಾರಿದ, ಮತ್ತೆ ಹೋದ. ಆ ಹೈವೇಯ ಮಾತನ್ನು ಅವನು ಎತ್ತಿಲ್ಲ. ನಾನು ಎತ್ತಿದ ದಿನ ಎದ್ದು ಹೊರಗೆ ಹೋದ. ಕೆಲವರು ಹೇಳುತ್ತಾರೆ, ಸರಿಹೋದನಲ್ಲ, ಮರೆತುಬಿಡು. ಸರಿಹೋದವನು ಅವನು. ಟ್ಯಾಂಕರ್ ನನ್ನ ನಿದ್ದೆಯಲ್ಲಿ ಇನ್ನೂ ಬರುತ್ತಿದೆ.

ಕಳೆದ ಭಾನುವಾರ ಗಾಡಿಯ ಬಾಗಿಲು ತೆರೆದುಕೊಂಡೇ ಇತ್ತು. ನಾನು ಮುಂದೆ ಬಗ್ಗಿ ಉಸಿರು ಎಳೆದೆ. ಹಸಿ ಸಿಪ್ಪೆ, ಡೀಸೆಲ್, ಬೆವರು. ಬೇರೇನೂ ಇಲ್ಲ. ಅವನು ನೋಡುತ್ತಿದ್ದ.

"ಬಾಯಿ ಊದಿ ತೋರಿಸ್ಲಾ?" ಅಂದ. ತಮಾಷೆಯಲ್ಲ, ಜಗಳವೂ ಅಲ್ಲ.

"ಬ್ಯಾಡ."

"ಹತ್ತು ಮತ್ತೆ."

"ಬಸ್ ಐತೆ."

ಅವನು ಒಂದು ಗಳಿಗೆ ಆ ಖಾಲಿ ಸೀಟನ್ನು ನೋಡಿದ. ಆಮೇಲೆ ಬಗ್ಗಿ ಬಾಗಿಲು ಎಳೆದುಕೊಂಡು ಹೋದ.

ಬಸ್ಸು ತಡವಾಗಿ ಬಂತು. ಪಕ್ಕ ಕೂತ ಹೆಂಗಸು ಹೂವಿನ ಚೀಲವನ್ನು ಮಡಿಲಿಗೆ ಎಳೆದುಕೊಂಡು ಕೇಳಿದಳು. "ಯಾವೂರಾತಮ್ಮ ನಿಮ್ದು? ಯಾರ ಮನೇರು?" ನಾನು ಕಿಟಕಿಯ ಕಡೆ ತಿರುಗಿದೆ. "ಓದಿದೋರ ಸೊಕ್ಕು," ಎಂದು ತನ್ನಷ್ಟಕ್ಕೇ ಗೊಣಗಿಕೊಂಡು ಆಚೆ ತಿರುಗಿದಳು.

ಊರು ದಾಟಿ ಸ್ವಲ್ಪ ದೂರದಲ್ಲಿ ಕಾಯಿ ಗಾಡಿ ಮುಂದೆ ಕಾಣಿಸಿತು. ಎಲ್ಲೋ ನಿಂತು ಬಂದಿರಬೇಕು. ಗಾಳಿಗೆ ಓಲಾಡುತ್ತ, ನಿಧಾನವಾಗಿ, ತನ್ನ ಬದಿಯಲ್ಲೇ ಹೋಗುತ್ತಿತ್ತು. ನಮ್ಮ ಡ್ರೈವರ್ ಹಾರನ್ ಹೊಡೆದ. ಅಣ್ಣ ಎಡಕ್ಕೆ ಸರಿದು, ಕೈ ಹೊರಗೆ ಹಾಕಿ ಮುಂದೆ ಹೋಗುವಂತೆ ಸನ್ನೆ ಮಾಡಿದ. ಬಸ್ಸು ಅವನನ್ನು ದಾಟಿತು. ಗಾಡಿ ಹಿಂದೆ ಬಿದ್ದು ಕಣ್ಮರೆಯಾದ ಮೇಲೂ ನನ್ನ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಡಲಿಲ್ಲ.